ಹದಿನೇಳನೆಯ ಕುಳಿಯ ಸಾಕ್ಷಿ

ನಾನು ಒಂದು ಪಟ್ಟರ್. ಗಾಲ್ಫ್ ಆಡುವವರ ಚೀಲದಲ್ಲಿ ಹದಿನಾಲ್ಕು ಕೋಲುಗಳಿರುತ್ತವೆ. ಚೆಂಡನ್ನು ಮುಗಿಲಿಗೆ ಹಾರಿಸುವ ಗತ್ತು ಉಳಿದವುಗಳದ್ದು. ಕೊನೆಗೆ, ಕುಳಿಯ ಸುತ್ತ ಚಾಪೆಯಂತೆ ಕತ್ತರಿಸಿದ ಹುಲ್ಲಿನ ಮೇಲೆ ಅದನ್ನು ಮೆಲ್ಲಗೆ ತಳ್ಳಿ ಕುಳಿಗೆ ಬೀಳಿಸುವ ಕೆಲಸ ನನ್ನದು. ಆ ನುಣುಪು ಹುಲ್ಲಿನ ಜಾಗಕ್ಕೆ ಗ್ರೀನ್ ಎನ್ನುತ್ತಾರೆ.

ನಾನು ಹುಟ್ಟಿದ್ದು ಮೀರತ್ತಿನ ಒಂದು ಸಣ್ಣ ಕಾರ್ಖಾನೆಯಲ್ಲಿ. ಹಿತ್ತಾಳೆ ಕರಗಿಸಿ ನನ್ನ ತಲೆಯನ್ನು ಎರಕ ಹೊಯ್ದರು, ಉಕ್ಕಿನ ಕೊಳವೆ ಸಿಕ್ಕಿಸಿದರು, ಮೇಲ್ತುದಿಗೆ ಕರಿಯ ತೊಗಲು ಸುತ್ತಿದರು. ಹಿಡಿದವರ ಮನಸ್ಸು ನನಗೆ ತಿಳಿಯುವುದು ಆ ತೊಗಲಿನಿಂದಲೇ. ಬಾಯಿ ಏನೇ ಹೇಳಲಿ, ಬೆರಳು ಸುಳ್ಳು ಹೇಳುವುದಿಲ್ಲ.

ನನ್ನನ್ನು ಮೊದಲು ಕೊಂಡವರು ಮೈಸೂರಿನಲ್ಲಿದ್ದ ಕಣ್ಣಿನ ಡಾಕ್ಟರು ಬೋಪಯ್ಯನವರು. ದಿನಾ ಸಂಜೆ ಅವರು ಆಡುತ್ತಿದ್ದ ಮೈದಾನದಿಂದ ಚಾಮುಂಡಿ ಬೆಟ್ಟ ಕಾಣುತ್ತಿತ್ತು. ಅಲ್ಲಿ ಎಂಟು ಮಂದಿ ಹೆಂಗಸರು ಕುಕ್ಕರುಗಾಲಲ್ಲಿ ಕೂತು ಗ್ರೀನಿನ ಕಳೆ ಕೀಳುತ್ತಿದ್ದರು. ಅವರಲ್ಲಿ ಒಬ್ಬಳು ಪುಟ್ಟಮಾದಮ್ಮ. ಗಂಡ ತೀರಿಕೊಂಡ ಮೇಲೆ ಆ ಹುಲ್ಲೇ ಅವಳಿಗೂ ಮಗಳು ನಂಜಮಣಿಗೂ ಅನ್ನ. ಶಾಲೆ ಬಿಟ್ಟ ಮೇಲೆ ನಂಜಮಣಿ ಅಲ್ಲೇ ಬಂದು ಅವ್ವನಿಗಾಗಿ ಕಾಯುತ್ತಿದ್ದಳು.

ಒಂದು ಸಂಜೆ ಡಾಕ್ಟರು ಗುರಿಯಿಡುತ್ತಿದ್ದಾಗ ಹಿಂದಿನಿಂದ ಆ ಹುಡುಗಿಯ ದನಿ ಕೇಳಿತು.

“ಅದು ಎಡಕ್ಕೆ ವಾಲ್ತದೆ, ಸಾ.”

“ಯಾರು ಹೇಳಿದ್ದು?”

“ನಮ್ಮವ್ವ. ಹುಲ್ಲು ಎತ್ತಗೆ ಮಲಗಿರ್ತದೋ ಚೆಂಡು ಅತ್ತಗೇ ವಾಲ್ತದಂತೆ.”

ಡಾಕ್ಟರು ಅವಳು ಹೇಳಿದ ಹಾಗೇ ತಳ್ಳಿದರು. ಚೆಂಡು ಕುಳಿಗೆ ಬಿತ್ತು. ಅವರು ನಕ್ಕು, ನನ್ನನ್ನು ಅವಳ ಕೈಗೆ ಕೊಟ್ಟು, “ಈಗ ನೀನು ಹೊಡಿ” ಎಂದರು. ಹತ್ತು ವರ್ಷದ ಆ ಬೆರಳುಗಳಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಮರುವಾರವೇ ಡಾಕ್ಟರು ಮೈದಾನದ ಕಮಿಟಿಯವರೊಡನೆ ಜಗಳವಾಡಿ, ದಿನಾ ಬೆಳಗ್ಗೆ ಎರಡು ಗಂಟೆಯ ಹೊತ್ತು ಅವಳು ಆಡಲು ಒಪ್ಪಿಗೆ ತಂದರು. ಮಂಡಿನೋವಿನಿಂದ ತಾವು ಆಟ ಬಿಟ್ಟ ದಿನ ನನ್ನನ್ನು ಅವಳಿಗೇ ಕೊಟ್ಟುಬಿಟ್ಟರು.

ನಂಜಮಣಿ ರಾಜ್ಯದ ಪರ ಆಡಿದಳು. ಇಪ್ಪತ್ತರ ಹರೆಯದಲ್ಲಿ ವೃತ್ತಿಪರ ಆಟಗಾರ್ತಿಯಾದಳು. ಚೀಲ ಹೊರಲು, ದಾರಿ ಹೇಳಲು ಪ್ರತಿಯೊಬ್ಬರಿಗೂ ಒಬ್ಬ ಕ್ಯಾಡಿ ಬೇಕು. ಬೇರೆಯವರು ಪಳಗಿದ ಗಂಡಸರನ್ನು ಇಟ್ಟುಕೊಂಡರೆ, ನಂಜಮಣಿ ಅವ್ವನನ್ನೇ ಕರೆದಳು.

“ನಂಗೇನ್ ಬತ್ತದೆ ಮಗ? ಅಕ್ಷರ ಬರಕಿಲ್ಲ.”

“ಹುಲ್ಲು ಓದಕ್ ಬತ್ತದಲ್ಲ ಅವ್ವಾ. ಅಷ್ಟು ಸಾಕು.”

ಹೀಗೆ ಪುಟ್ಟಮಾದಮ್ಮ ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ಹಾಕಿ, ಚೀಲವನ್ನು ಬೆನ್ನಿಗೇರಿಸಿ ಕಲ್ಕತ್ತೆ, ಹೈದರಾಬಾದು, ದಿಲ್ಲಿ ಎಲ್ಲ ಸುತ್ತಿದಳು. ಮೊದಮೊದಲು ಜನ ನಕ್ಕರು. ಅವಳು ಹೇಳಿದ ಕಡೆಗೇ ಚೆಂಡು ತಿರುಗುವುದನ್ನು ಕಂಡು ಆಮೇಲೆ ಸುಮ್ಮನಾದರು. ಆ ಮೂರು ವರ್ಷ ನನ್ನ ಬದುಕಿನ ಹಬ್ಬ. ರೈಲಿನಲ್ಲಿ ತಾಯಿ ಮಗಳು ಒಂದೇ ಡಬ್ಬಿಯಿಂದ ಚಿತ್ರಾನ್ನ ತಿನ್ನುವಾಗ ನಾನು ಅವರ ಕಾಲಬುಡದಲ್ಲಿ ಮಲಗಿರುತ್ತಿದ್ದೆ.

ಮೂರನೆಯ ವರ್ಷದ ಕೊನೆಗೆ ಪುಣೆಯ ಹೊರಗಿನ ಒಂದು ಮೈದಾನದಲ್ಲಿ ದೊಡ್ಡ ಟೂರ್ನಿ. ಕೊನೆಯ ದಿನ, ಹದಿನೇಳನೆಯ ಕುಳಿ. ನಂಜಮಣಿ ಒಂದೇ ಒಂದು ಹೊಡೆತದಿಂದ ಮುಂದಿದ್ದಳು. ಚೆಂಡು ಕುಳಿಯಿಂದ ಒಂದು ಮಾರು ದೂರದಲ್ಲಿತ್ತು. ಪುಟ್ಟಮಾದಮ್ಮ ಎಂದಿನಂತೆ ಕುಕ್ಕರುಗಾಲಲ್ಲಿ ಕೂತು ಹುಲ್ಲು ನೋಡಿದಳು. ಚೆಂಡು ಹೋಗಬೇಕಾದ ಹಾದಿಯಲ್ಲಿ ಜೇಕು ಎಂಬ ಕಳೆಯ ಒಂದು ಎಳೆ ಕುಡಿ ತಲೆಯೆತ್ತಿತ್ತು. ಅವಳ ಕೈ ತಾನಾಗಿ ಮುಂದೆ ಹೋಯಿತು, ಕಿತ್ತಿತು, ಸೊಂಟದ ಮಡಿಲಿಗೆ ಸಿಕ್ಕಿಸಿತು. ಬಾಯಿ ಆಗಲೂ “ಒಂದ್ ಬೆಳ್ಳು ಎಡಕ್ಕೆ ಮಗ” ಎನ್ನುತ್ತಿತ್ತು. ತಾನು ಕಿತ್ತದ್ದು ಅವಳಿಗೇ ಗೊತ್ತಾಗಲಿಲ್ಲ.

ಚೆಂಡಿನ ಹಾದಿಯಲ್ಲಿ ಬೆಳೆದದ್ದನ್ನು ಆಟಗಾರ್ತಿಯಾಗಲಿ ಅವಳ ಕ್ಯಾಡಿಯಾಗಲಿ ಕೀಳಬಾರದು. ಕಿತ್ತರೆ ಎರಡು ಹೊಡೆತದ ದಂಡ, ಅಂದರೆ ಇದ್ದ ಮುನ್ನಡೆ ಹೋದಂತೆ. ಈ ಆಟದಲ್ಲಿ ತಪ್ಪನ್ನು ಮಾಡಿದವರೇ ಹೇಳಿಕೊಳ್ಳಬೇಕು. ಎದುರಾಳಿಯೂ ಅವಳ ಕ್ಯಾಡಿಯೂ ಆಗ ಬೆನ್ನು ತಿರುಗಿಸಿದ್ದರು. ರೆಫರಿ ದೂರದ ಮರದಡಿ ನಿಂತಿದ್ದರು. ಕಂಡದ್ದು ನಂಜಮಣಿ ಒಬ್ಬಳಿಗೇ. ಅವಳ ಎಡಗೈ ನನ್ನನ್ನು ಬಿಟ್ಟು ರೆಫರಿಯ ಕಡೆಗೆ ಅರ್ಧ ಎದ್ದಿತು.

“ಏನ್ ಮಗ, ಬೆವರ್ತಿದ್ದಿ?”

“ಏನಿಲ್ಲ ಅವ್ವಾ.”

ಕೈ ಮತ್ತೆ ನನ್ನ ಮೇಲೆ ಬಂದು ಕೂತಿತು. ನಾನು ಚೆಂಡನ್ನು ತಳ್ಳಿದೆ. ಅದು ಕುಳಿಗೆ ಬಿತ್ತು. ಒಂದೇ ಹೊಡೆತದ ಅಂತರದಲ್ಲಿ ಅವಳು ಗೆದ್ದಳು. ಪುಟ್ಟಮಾದಮ್ಮ ಬೆಳ್ಳಿಯ ಕಪ್ಪನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಮೈಸೂರಿನವರೆಗೆ ಬಂದಳು. ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದಳು.

ಮುಂದಿನ ಟೂರ್ನಿಯಲ್ಲೇ ನಡುಕ ಶುರುವಾಯಿತು. ದೂರದ ಹೊಡೆತಗಳಲ್ಲಿ ಏನೂ ಇಲ್ಲ. ಗ್ರೀನಿಗೆ ಬಂದು ನನ್ನನ್ನು ಹಿಡಿದು, ಕುಳಿ ಹತ್ತಿರವಿದೆ ಎನ್ನುವಾಗ ಮಾತ್ರ ಅವಳ ಬಲ ಮಣಿಕಟ್ಟು ಅದುರುತ್ತಿತ್ತು. ಮಕ್ಕಳೂ ಬೀಳಿಸಬಹುದಾದ ಚೆಂಡುಗಳು ಪಕ್ಕದಲ್ಲಿ ಹಾದುಹೋದವು. ನನ್ನನ್ನು ಬಿಟ್ಟು ಬೇರೆ ಪಟ್ಟರ್‌ಗಳನ್ನು ಹಿಡಿದಳು. ನಾನು ಅಟ್ಟದಲ್ಲಿ ಎಂಟು ತಿಂಗಳಿದ್ದೆ. ನಡುಕ ನಿಲ್ಲದೆ ಮತ್ತೆ ನನ್ನನ್ನೇ ಇಳಿಸಿದಳು. ಕೈಯಲ್ಲಿ ದೋಷವಿಲ್ಲ ಎಂದರು ವೈದ್ಯರು. ಪುಟ್ಟಮಾದಮ್ಮ ಮಗಳಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು, ಹಾಗೇ ನನಗೂ ಒಂದು ಸುತ್ತು ನಿವಾಳಿಸಿದಳು. “ಗೆದ್ದಾಗ ಯಾರದೋ ಕಣ್ಣು ಬಿತ್ತು ಕಣವ್ವ” ಎನ್ನುವಳು.

ನಾಲ್ಕು ವರ್ಷ ಹೀಗೇ ಕಳೆಯಿತು. ಬೆಂಗಳೂರಿನ ಒಂದು ಟೂರ್ನಿಯ ಬೆಳಗ್ಗೆ ಅವ್ವನನ್ನು ಚಹಾ ಕುಡಿಯಲು ಕಳಿಸಿ, ನಂಜಮಣಿ ಚೀಲ ಹೆಗಲಿಗೆ ಹಾಕಿಕೊಂಡು ಸಂಘಟಕರ ಕೋಣೆಗೆ ಹೋದಳು. ಅಲ್ಲೊಬ್ಬ ಹಿರಿಯ ಅಧಿಕಾರಿಣಿ ಕೂತಿದ್ದರು. ಅವ್ವನಿಗೆ ಕಾಣದಂತೆ ದೇವರ ಗೂಡಿನಿಂದ ತಂದಿದ್ದ ಕಪ್ಪನ್ನು ಇವಳು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು.

“ಪುಣೆಯಲ್ಲಿ ಹದಿನೇಳರಲ್ಲಿ, ಒರೆಸೋಕೆ ಎತ್ತಿದ ಚೆಂಡನ್ನ ವಾಪಸ್ ಇಡುವಾಗ ಗೇಣು ಮುಂದಕ್ಕೆ ಇಟ್ಟೆ ಮೇಡಂ. ಬೇಕೂಂತಲೇ.”

ನಾನು ಬೆಚ್ಚಿದೆ. ಹಾಗೆ ನಡೆದಿರಲೇ ಇಲ್ಲ.

“ಯಾರಾದ್ರೂ ನೋಡಿದ್ರಾ?”

“ಇಲ್ಲ.”

“ನಿಮ್ಮ ಕ್ಯಾಡಿ?”

“ಅವರಿಗೆ ಏನೂ ಗೊತ್ತಿಲ್ಲ.”

ಅವಳು ಹೇಳಿದ್ದರಲ್ಲಿ ನಿಜವಾದದ್ದು ಆ ಕೊನೆಯ ಮಾತೇ. ಕುಡಿ ಕಿತ್ತ ಸಂಗತಿ ಹೇಳಿದ್ದರೆ ಅದು ಕಿವಿಯಿಂದ ಕಿವಿಗೆ ಹಾದು ಅವ್ವನಿಗೆ ತಲುಪುತ್ತಿತ್ತು. ಮಗಳ ಬದುಕು ಮುರಿದದ್ದು ತನ್ನ ಕೈಯೇ ಎಂದು ಆ ಮುದುಕಿಗೆ ಗೊತ್ತಾಗುವುದಕ್ಕಿಂತ ತಾನು ಕಳ್ಳಿ ಎನ್ನಿಸಿಕೊಳ್ಳುವುದೇ ಮೇಲು ಎಂದುಕೊಂಡಳು ನಂಜಮಣಿ.

ಗೆಲುವನ್ನು ಹಿಂದಕ್ಕೆ ಪಡೆದರು. ಎರಡು ವರ್ಷ ಆಡಬಾರದೆಂದರು. ಪತ್ರಿಕೆಯಲ್ಲಿ ಬಂತು. ಮೈದಾನದಲ್ಲಿ ಕಳೆ ಕೀಳುವ ಹೆಂಗಸರಿಗೂ ತಿಳಿಯಿತು. ಅಂದು ಪುಟ್ಟಮಾದಮ್ಮ ಮನೆಯ ಹೊಸಿಲಲ್ಲೇ ನಿಂತು ಕೇಳಿದಳು:

“ಆ ಹುಲ್ಲಲ್ಲಿ ಒಂದು ಚೆಂಡು ಸಿಕ್ಕುದ್ರೂ ಆಪೀಸಿಗೆ ಕೊಟ್ಟೋಳು ನಾನು. ನನ್ನ ಹೊಟ್ಟೇಲಿ ಹುಟ್ಟಿ ನೀನು ಇಂಗ್ ಮಾಡ್ದ್ಯಾ?”

ಬಾಗಿಲ ಪಕ್ಕದಲ್ಲೇ ಇದ್ದ ನನಗೆ ಕೂಗಬೇಕೆನಿಸಿತು. ಹಿತ್ತಾಳೆಗೆ ನಾಲಗೆ ಎಲ್ಲಿಂದ ಬರಬೇಕು? ಅಂದಿನಿಂದ ಪುಟ್ಟಮಾದಮ್ಮ ಮಗಳೊಡನೆ ಮಾತು ಬಿಟ್ಟಳು. ಮುದ್ದೆ ಮಾಡಿ ಮುಚ್ಚಿಟ್ಟು ತಾನು ಹೊರಗೆ ಹೋಗಿ ಕೂರುತ್ತಿದ್ದಳು. ಎರಡು ವರ್ಷ ಕಳೆದರೂ ನಂಜಮಣಿ ಆಟಕ್ಕೆ ಮರಳಲಿಲ್ಲ. ನಡುಕವೂ ಹೋಗಿರಲಿಲ್ಲ. ಒಂದು ಶಾಲೆಯಲ್ಲಿ ಮಕ್ಕಳಿಗೆ ಆಟ ಹೇಳಿಕೊಡುವ ಕೆಲಸ ಹಿಡಿದಳು.

ಆಮೇಲೆ ಪುಟ್ಟಮಾದಮ್ಮನ ಕಾಲುಗಳು ಸೋತವು. ಬಾಗಿಲ ಮೂಲೆಯಲ್ಲಿದ್ದ ನನ್ನನ್ನು ಊರುಗೋಲು ಮಾಡಿಕೊಂಡಳು. ಇಷ್ಟು ವರ್ಷ ಚೀಲದಲ್ಲಿ ಹೊತ್ತಿದ್ದಳೇ ಹೊರತು ಆಕೆ ನನ್ನನ್ನು ಹೀಗೆ ಬಿಗಿಯಾಗಿ ಹಿಡಿದದ್ದು ಅದೇ ಮೊದಲು. ಒರಟು ಅಂಗೈ, ಬೆರಳ ತುದಿಯಲ್ಲಿ ಅಳಿಸದ ಹಸಿರು ಕಲೆ. ಆ ಕೈಯಲ್ಲಿ ಸಿಟ್ಟಿರಲಿಲ್ಲ. ಮಗಳ ಹೆಜ್ಜೆ ಸದ್ದಾದಾಗಲೆಲ್ಲ ಅದು ನನ್ನನ್ನು ಒಂದಿಷ್ಟು ಒತ್ತಿ ಹಿಡಿಯುತ್ತಿತ್ತು, ಅಷ್ಟೇ.

ಒಂದು ಮಧ್ಯಾಹ್ನ ಅಂಗಳದ ಕಟ್ಟೆಯ ಮೇಲೆ ಕೂತಿದ್ದಾಗ, ಬಟ್ಟೆ ಒಣಹಾಕುತ್ತಿದ್ದ ಮಗಳನ್ನು ಅವಳಾಗಿಯೇ ಮಾತಾಡಿಸಿದಳು.

“ಯಾಕ್ ಮಗ ಅಂಗ್ ಮಾಡ್ದೆ ಅವತ್ತು?”

ನಂಜಮಣಿ ಹಸಿ ಸೀರೆಯನ್ನು ಹಗ್ಗದ ಮೇಲೆ ಹರವಿ ಅವ್ವನ ಕಡೆ ತಿರುಗಿದಳು.

“ಗೆಲ್ಬೇಕು ಅನ್ನುಸ್ತು ಅವ್ವಾ. ನೀನು ಜೊತೇಲಿದ್ದೆ. ನಿನ್ನ ಮುಂದೆ ಗೆಲ್ಬೇಕು ಅನ್ನುಸ್ತು.”

ಪುಟ್ಟಮಾದಮ್ಮ ನನ್ನನ್ನು ಪಕ್ಕಕ್ಕಿಟ್ಟು ಎರಡೂ ಕೈ ಚಾಚಿದಳು. ಮಗಳು ಬಂದು ಅವಳ ಮಂಡಿಯ ಮೇಲೆ ತಲೆಯಿಟ್ಟಳು.

“ಆಗ್ಲಿ ಬುಡು. ನೀನಾಗೇ ಹೇಳ್ಕೊಂಡ್ಯಲ್ಲ, ಅಷ್ಟು ಸಾಕು” ಎಂದಳು ತಾಯಿ.

ಆ ವಾರವೇ ಅವಳು ತೀರಿಕೊಂಡಳು.

ಈಗ ನಾನು ಬಾಗಿಲ ಹಿಂದೆ, ಕೊಡೆಯ ಪಕ್ಕ ನಿಂತಿದ್ದೇನೆ. ತೊಗಲು ಸುಲಿದಿದೆ, ಹಿತ್ತಾಳೆ ಕಂದಿದೆ. ಯಾರೂ ಮುಟ್ಟುವುದಿಲ್ಲ. ನನಗೆ ಬಾಯಿ ಇದ್ದಿದ್ದರೆ ಅಂದು ಹೊಸಿಲಲ್ಲೇ ನಿಜ ಕೂಗಿ ಹೇಳುತ್ತಿದ್ದೆ. ಹೇಳಿದ್ದರೆ ಮಗಳ ಮಾನ ಉಳಿಯುತ್ತಿತ್ತು, ಆದರೆ ತಾಯಿಗೆ ತನ್ನ ಕೈಯನ್ನು ತಾನೇ ನೋಡಿಕೊಳ್ಳಲು ಆಗುತ್ತಿರಲಿಲ್ಲ. ಪುಟ್ಟಮಾದಮ್ಮ ಕ್ಷಮಿಸಿದ್ದು ಮಗಳು ಮಾಡದೇ ಇದ್ದ ತಪ್ಪನ್ನು. ಕಂಡದ್ದನ್ನು ಮುಚ್ಚಿಟ್ಟು ನಿಜವಾಗಿ ಮಾಡಿದ ತಪ್ಪಿಗೂ ಆ ಕ್ಷಮೆ ಸಂದಿತೇ ಎಂದು ನಂಜಮಣಿ ಯಾರನ್ನು ಕೇಳಬೇಕು? ಕೇಳಬಹುದಾಗಿದ್ದವಳು ಒಬ್ಬಳೇ, ಅವಳೂ ಈಗಿಲ್ಲ.