ಎಡಗಡೆಯ ಹುಬ್ಬು

ಗೊಂಬೆಯಕ್ಕನ ಕೈ ಮೊದಲು ತಪ್ಪಿದ್ದು ಒಂದು ಹುಬ್ಬಿನ ಮೇಲೆ. ಮರದ ಪುಡಿಗೆ ಅಂಟು ಕಲಸಿ ಅಚ್ಚಿಗೆ ಒತ್ತಿ ಮಾಡಿದ ಹಳೇ ಕಾಲದ ಗೊಂಬೆ ಅದು. ಕೆನ್ನೆ ಬಿರುಕು ಬಿಟ್ಟು, ಮೂಗಿನ ತುದಿ ಉದುರಿ, ಯಾರದೋ ಅಟ್ಟದಿಂದ ಇಳಿದು ಬಂದಿತ್ತು. ಅವಳು ಬಿರುಕು ತುಂಬಿದಳು, ಮೂಗು ಕೂರಿಸಿದಳು, ಉಜ್ಜಿ ನುಣುಪು ಮಾಡಿ ಮೈಬಣ್ಣ ಹಚ್ಚಿದಳು. ಎಲ್ಲ ಮುಗಿದು, ಬೆರಳೆಣಿಕೆಯ ಕೂದಲಿನ ಕುಂಚ ಹಿಡಿದು ಹುಬ್ಬು ಎಳೆಯಲು ಹೋದರೆ ಗೆರೆ ಅಂಕುಡೊಂಕಾಗಿ ಹಣೆ ಹತ್ತಿತು. ಒರೆಸಿ ಮತ್ತೆ ಎಳೆದಳು. ಮತ್ತೆ ಹಾಗೇ ಆಯಿತು. ಚಹಾ ಹೆಚ್ಚಾಗಿರಬೇಕು ಅಂದುಕೊಂಡು ಕುಂಚ ತೊಳೆದಿಟ್ಟಳು.

ಚಹಾ ಬಿಟ್ಟರೂ ನಡುಕ ಬಿಡಲಿಲ್ಲ. "ಪ್ರಾಣಕ್ಕೇನೂ ತೊಂದರೆ ಇಲ್ಲ," ಅಂದರು ಡಾಕ್ಟರು. "ಸಣ್ಣ ಕೆಲಸ ಮಾಡೋವಾಗ ಮಾತ್ರ ನಡುಗುತ್ತೆ. ಸಣ್ಣ ಕೆಲಸ ಕಡಿಮೆ ಮಾಡಿ." ಅವಳಿಗಿದ್ದದ್ದೆಲ್ಲ ಸಣ್ಣ ಕೆಲಸವೇ.

ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಬೀದಿಗೆ ತೆರೆದ ಅಗಲದ ಕಿಟಕಿ, ಅದರ ಕೆಳಗೆ ಮೇಜು. ಗೋಡೆಯ ಕೊಕ್ಕೆಗಳಿಂದ ಪುಟ್ಟ ಕೈಕಾಲುಗಳು ಗೊಂಚಲು ಗೊಂಚಲಾಗಿ ತೂಗುತ್ತಿದ್ದವು. ಗಾಜಿನ ಕಣ್ಣುಗಳು ಬಣ್ಣಕ್ಕೊಂದು ಸೀಸೆಯಲ್ಲಿ ತುಂಬಿದ್ದವು. ಮೊದಲ ಸಲ ಬಂದವರು ಬಾಗಿಲಲ್ಲಿ ಒಂದು ಗಳಿಗೆ ತಡೆದು ನಿಲ್ಲುತ್ತಿದ್ದರು. ಆಮೇಲೆ ಕಾಗದದ ಪೊಟ್ಟಣ ಬಿಚ್ಚುತ್ತ, "ನಂದಲ್ಲ, ಮಗಳದು," ಅನ್ನುತ್ತಿದ್ದರು. ಎಷ್ಟೋ ಸಲ ಅದು ಅವರದೇ ಆಗಿರುತ್ತಿತ್ತು. ನಾಯಿ ಅಗಿದ ಕೈ, ಒಳಗಿನ ಎಲಾಸ್ಟಿಕ್ ಸಡಿಲಾಗಿ ಜೋತುಬಿದ್ದ ಕಾಲು, ಬಾಲ್‌ಪೆನ್ನಿನಲ್ಲಿ ಮೀಸೆ ಬರೆಸಿಕೊಂಡ ಮುಖ, ಯಾವುದು ಬಂದರೂ ಗೊಂಬೆಯಕ್ಕನದು ಒಂದೇ ಮಾತು: "ಬಿಟ್ಟು ಹೋಗಿ, ನೋಡೋಣ."

ಅದೇ ಹೊತ್ತಿಗೆ ಅವಳ ಗಂಡ ನಿವೃತ್ತನಾಗಿ ಮನೆ ಸೇರಿದ್ದ. ಬಸ್ಸು ಓಡಿಸಿಯೇ ಆಯುಸ್ಸು ಕಳೆದವನು. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಸರಿಯಾಗಿದ್ದ ನಲ್ಲಿಯನ್ನು ಬಿಗಿಮಾಡಿ ಸೋರುವ ಹಾಗೆ ಮಾಡಿದ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಗಾತ್ರದ ಪ್ರಕಾರ ಜೋಡಿಸಿ, ಉಪ್ಪು ಎಲ್ಲಿದೆ ಸಕ್ಕರೆ ಎಲ್ಲಿದೆ ಅಂತ ಅವಳು ತಡಕಾಡುವ ಹಾಗೆ ಮಾಡಿದ. ಅದೂ ಮುಗಿದ ಮೇಲೆ ಕಿಟಕಿಯಲ್ಲಿ ನಿಂತು ಹೋಗುವ ಬಸ್ಸುಗಳನ್ನು ನೋಡುತ್ತ, "ತಿರುವನ್ನ ಹೀಗಾ ತಗೊಳ್ಳೋದು? ಒಳಗಿರೋರು ಜನಾನೋ ಆಲೂಗಡ್ಡೆ ಮೂಟೆನೋ?" ಅಂತ ಗೊಣಗತೊಡಗಿದ.

"ನಿಮ್ಮ ಕೈಗೆ ಏನಾದ್ರೂ ಕೊಡದಿದ್ರೆ ನನ್ನ ತಲೆ ಕೆಡುತ್ತೆ," ಅಂತ ಅವಳು ಒಂದು ಮುಂಡ, ಎರಡು ಕಾಲು, ಎಲಾಸ್ಟಿಕ್ಕು, ಕೊಕ್ಕೆ ಮುಂದಿಟ್ಟಳು. ಸೊಂಟದೊಳಗೆ ಎಲಾಸ್ಟಿಕ್ ಎಳೆದು ಕಾಲು ಸಿಕ್ಕಿಸುವುದು ಬಲದ ಕೆಲಸ. ಹಿಡಿತ ತಪ್ಪಿದರೆ ಕಾಲು ಹಾರಿ ಮುಖಕ್ಕೆ ಬಡಿಯುತ್ತದೆ. ಅವನಿಗೆ ಒಂದೇ ಒಂದು ಸಲ ಬಡಿಯಿತು. ಆಮೇಲೆ ಹೊಡೆಸಿಕೊಳ್ಳಲಿಲ್ಲ.

ಕುಂಚ ಕೊಟ್ಟದ್ದು ಬೇರೆ ದಾರಿಯಿಲ್ಲದೆ. ಹುಬ್ಬಿಲ್ಲದ ಗೊಂಬೆಗಳು ಕಪಾಟಿನಲ್ಲಿ ಸಾಲುಗಟ್ಟಿದ್ದವು, ಒಡೆಯರು ಬಂದು ಬಂದು ಕೇಳಿ ಹೋಗುತ್ತಿದ್ದರು. ಒಡೆದ ತಲೆಯೊಂದರ ಮೇಲೆ ಅವನಿಂದ ಗೆರೆ ಎಳೆಸಿ ನೋಡಿದಳು. ಅವನು ಮೊಣಕೈ ಮೇಜಿಗೂರಿ, ಉಸಿರು ಹಿಡಿದು, ಒಂದೇ ಎಳೆತಕ್ಕೆ ಎಳೆದ. ಗೆರೆ ಬುಡದಲ್ಲಿ ದಪ್ಪ, ತುದಿಯಲ್ಲಿ ಕೂದಲೆಳೆಯಷ್ಟು ತೆಳು. ಅವಳೂ ಉಸಿರು ಹಿಡಿದಿದ್ದಳು.

"ಎಲ್ಲಿ ಕಲಿತಿರಿ?"

"ಕಲಿಯೋದೇನು ಬಂತು? ಇಷ್ಟು ವರ್ಷ ಸ್ಟೇರಿಂಗ್ ಹಿಡಿದ ಕೈ. ಅಲ್ಲಾಡಿದ್ರೆ ಜನ ಬದುಕ್ತಿದ್ರಾ?"

ಕೆಲಸ ಮತ್ತೆ ಸಾಗಿತು. ಬಿರುಕು, ಮೂಗು, ಮೈಬಣ್ಣ ಅವಳದು. ಕಾಲು ಮತ್ತು ಹುಬ್ಬು ಅವನದು. ಗಂಡ ಹೆಂಡಿರು ಒಂದೇ ಮೇಜಿನ ಎರಡು ಬದಿಗೆ ಕೂತು ಜಗಳವಿಲ್ಲದೆ ದಿನ ಕಳೆಯುವುದನ್ನು ಬೀದಿಯವರು ಕಿಟಕಿಯಿಂದ ನೋಡಿ ತಮ್ಮ ತಮ್ಮ ಮನೆಗಳಲ್ಲಿ ಹೇಳಿಕೊಂಡರು.

ಆದರೆ ಗೊಂಬೆಯಕ್ಕನಿಗೆ ಆ ದಿನಗಳಲ್ಲಿ ಏನೋ ಇರಿಸುಮುರಿಸು. ಚಹಾ ಕುಡಿದ ಲೋಟವನ್ನು ಅಲ್ಲೇ ಇಡುವ ಅಭ್ಯಾಸ ಅವಳದು. ಈಗ ಕುಡಿದ ತಕ್ಷಣ ಎದ್ದು ತೊಳೆಯತೊಡಗಿದಳು. ಬಾಗಿಲ ಬಳಿ ಚಪ್ಪಲಿ ಸೊಟ್ಟಗೆ ಬಿದ್ದಿದ್ದರೆ ಹಿಂದಿರುಗಿ ಹೋಗಿ ನೆಟ್ಟಗೆ ಇಟ್ಟು ಬರುತ್ತಿದ್ದಳು. ಒಲೆ ಆರಿಸಿದ್ದನ್ನು ಮತ್ತೆ ಮತ್ತೆ ನೋಡಿ ಬರುತ್ತಿದ್ದಳು. ಅತ್ತೆ ಬದುಕಿದ್ದ ಕಾಲದಲ್ಲಿ ಹೀಗೆಲ್ಲ ಮಾಡುತ್ತಿದ್ದಳು. ಅತ್ತೆ ತೀರಿಕೊಂಡ ಮೇಲೆ ಬಿಟ್ಟಿದ್ದಳು. ಯಾಕೆ ಮತ್ತೆ ಶುರುವಾಯಿತು ಅಂತ ಅವಳಿಗೂ ತಿಳಿಯಲಿಲ್ಲ.

ತಿಳಿದದ್ದು ಒಬ್ಬ ತಾಯಿ ಗೊಂಬೆಯನ್ನು ವಾಪಸು ತಂದಾಗ. ಪಕ್ಕದ ಬೀದಿಯ ದರ್ಜಿ ಆಕೆ. ಮಗಳ ಗೊಂಬೆಯ ಮುಖ ಸರಿಮಾಡಿಸಿಕೊಂಡು ಹೋಗಿದ್ದಳು.

"ತಪ್ಪು ತಿಳ್ಕೋಬೇಡಿ," ಅಂದಳು ದರ್ಜಿ. "ಕೆಲಸ ಚೆನ್ನಾಗೇ ಇದೆ. ಆದ್ರೆ ನನ್ನ ಮಗಳು ಇದನ್ನ ಗೋಡೆ ಕಡೆ ತಿರುಗಿಸಿ ಕೂರಿಸ್ತಾಳೆ. ನಾನು ಏನೋ ಮರೆತಿದ್ದೀನಿ ಅನ್ನೋ ಹಾಗೆ ನೋಡುತ್ತಮ್ಮಾ, ಅಂತಾಳೆ. ಮಗು ಮಾತು ಅಂತ ಸುಮ್ಮನಿದ್ದೆ. ನಿನ್ನೆ ನಾನೂ ಕೂತು ನೋಡಿದೆ. ಎದ್ದು ಹೋಗಿ ಹೊಲಿಗೆ ಮಷೀನಿಗೆ ಎಣ್ಣೆ ಬಿಟ್ಟು ಬಂದೆ."

ಗೊಂಬೆಯಕ್ಕ ಗೊಂಬೆಯನ್ನು ಬೆಳಕಿಗೆ ಹಿಡಿದಳು. ಬಲಗಡೆಯ ಹುಬ್ಬು ಸುಮ್ಮನೆ ಇತ್ತು. ಎಡಗಡೆಯದು ಮಧ್ಯದಲ್ಲಿ ಒಂಚೂರು ಮುರಿದು, ತುದಿ ಮೇಲೆದ್ದಿತ್ತು. ಅವಳು ಕಪಾಟಿನತ್ತ ತಿರುಗಿದಳು. ಪಿಂಗಾಣಿಯವು, ಪ್ಲಾಸ್ಟಿಕ್ಕಿನವು, ಬಟ್ಟೆಯವು, ಕಪ್ಪು ಕೂದಲು, ಕೆಂಪು ಕೂದಲು, ತೊದಲು ವಯಸ್ಸಿನ ಗುಂಡು ಮುಖದವು ಎಲ್ಲ ಅಲ್ಲಿ ಕೂತಿದ್ದವು. ಎಲ್ಲದರ ಎಡಹುಬ್ಬೂ ಹಾಗೇ. ಇಡೀ ಕಪಾಟು ಅವಳ ಅತ್ತೆಯಾಗಿ ಅವಳನ್ನೇ ನೋಡುತ್ತಿತ್ತು.

ಅತ್ತೆ ಹೆಚ್ಚು ಮಾತಿನವಳಲ್ಲ. ಬೈದದ್ದಂತೂ ಇಲ್ಲವೇ ಇಲ್ಲ. ಎಡಹುಬ್ಬು ಒಂಚೂರು ಏರಿಸುತ್ತಿದ್ದಳು, ಸೊಸೆ ಹೋಗಿ ಒಲೆ ನೋಡಿ ಬರುತ್ತಿದ್ದಳು. ಒಂದೇ ಸೂರಿನಡಿ ಅವರ ಸಂಸಾರ ನಡೆದದ್ದು ಹೀಗೆ.

ಗಂಡನಿಗೆ ಹೇಳಿದರೆ ಅವನು ನಂಬಲಿಲ್ಲ.

"ನೀನು ಹೇಳಿದ ಹಾಗೇ ಬರೆದಿದ್ದೀನಿ."

"ನಾನು ಅತ್ತೆ ಹುಬ್ಬು ಬರೀರಿ ಅಂದೆನಾ?"

"ಅಮ್ಮ ಹೋಗಿ ಎಷ್ಟು ಕಾಲ ಆಯ್ತು. ಸತ್ತೋರನ್ನೂ ಬಿಡಲ್ವಲ್ಲ ನೀನು!"

"ಬಿಡದೇ ಇರೋದು ನಾನಾ? ಕಪಾಟು ನೋಡ್ರಿ!"

ಅವನು ನೋಡಲಿಲ್ಲ. ಕುಂಚ ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಊಟದ ಹೊತ್ತಿಗೆ ಬಂದ, ಉಂಡ, ಮಲಗಿದ. ಮರುದಿನ ಬೆಳಿಗ್ಗೆ ಮತ್ತೆ ಹೋದ. ಅದರ ಮರುದಿನವೂ ಹೋದ. ಎಲ್ಲಿಗೆ ಅಂತ ಅವಳು ಕೇಳಲಿಲ್ಲ. ತಾನೇ ಹುಬ್ಬು ಬರೆಯಲು ಕೂತು, ಎಡಗೈಯಿಂದ ಬಲಗೈ ಹಿಡಿದು, ಮೊಣಕೈಗೆ ದಿಂಬು ಕೊಟ್ಟು, ಒಂದು ಗೊಂಬೆಯ ಹಣೆಯನ್ನೆಲ್ಲ ಕೆಡಿಸಿಟ್ಟಳು.

ಅವನು ಎಲ್ಲಿಗೆ ಹೋಗುತ್ತಿದ್ದ ಅನ್ನುವುದು ನಾದಿನಿ ಬಂದಾಗ ಗೊತ್ತಾಯಿತು. ಗಂಡನ ತಂಗಿಗೆ ಮಾರುಕಟ್ಟೆಯ ಬಳಿ ಒಂದು ಬ್ಯೂಟಿ ಪಾರ್ಲರ್ ಇತ್ತು. ಅತ್ತಿಗೆ ನಾದಿನಿಯರ ನಡುವೆ ಮಾತು ಅಷ್ಟಕ್ಕಷ್ಟೆ. ಅತ್ತೆಯ ಕೊನೆಯ ದಿನಗಳಲ್ಲಿ, "ನಮ್ಮಮ್ಮನ್ನ ನಾನಾಗಿದ್ರೆ ಹೀಗೆ ಮಲಗಿಸ್ತಿರಲಿಲ್ಲ," ಅಂತ ತಂಗಿ ಆಡಿದ್ದಳು. ಅತ್ತಿಗೆ, "ಹಾಗಾದ್ರೆ ಕರ್ಕೊಂಡು ಹೋಗು," ಅಂದಿದ್ದಳು. ಆಮೇಲೆ ತಂಗಿ ಬಂದರೂ ಅಣ್ಣನನ್ನು ಹೊರಗೆ ಕರೆದು ಮಾತಾಡಿಸಿಕೊಂಡು ಹೋಗುತ್ತಿದ್ದಳೇ ಹೊರತು ಹೊಸ್ತಿಲು ದಾಟುತ್ತಿರಲಿಲ್ಲ. ಈಗ ಅಣ್ಣನನ್ನು ಮುಂದೆ ಬಿಟ್ಟುಕೊಂಡು ನೇರವಾಗಿ ಒಳಕ್ಕೇ ಬಂದಳು.

"ಅತ್ತಿಗೆ, ಇವನನ್ನ ವಾಪಸ್ ಇಟ್ಕೊಳ್ಳಿ. ಬೆಳಿಗ್ಗೆ ಬಂದು ಪಾರ್ಲರ್ ಬೆಂಚಿನ ಮೇಲೆ ಕೂರ್ತಾನೆ, ಸಂಜೆ ಏಳ್ತಾನೆ. ಬಂದೋರೆಲ್ಲ ಇವನ ಮುಖ ನೋಡಿ, ಇನ್ನೊಂದ್ ಸಲ ಬರ್ತೀವಿ ಅಂತ ಹೋಗ್ತಾರೆ. ನಾನು ಅಂಗಡಿ ನಡೆಸ್ಬೇಕೋ ಬೇಡ್ವೋ? ಏನಾಯ್ತು ಅಂತ ಕೇಳಿದ್ರೆ ಬಾಯೇ ಬಿಡಲ್ಲ. ನೀವಾದ್ರೂ..."

ಅಲ್ಲಿಗೆ ಅವಳ ಮಾತು ನಿಂತಿತು. ಕಣ್ಣು ಕಪಾಟಿನ ಮೇಲೆ ಬಿದ್ದಿತ್ತು.

"ಇದೇನಣ್ಣ," ಅಂದಳು, "ಅಮ್ಮನ್ನ ಸಾಲಾಗಿ ಕೂರಿಸಿದ್ದೀಯ?"

ಗೊಂಬೆಯಕ್ಕ ಗಂಡನ ಮುಖ ನೋಡಲಿಲ್ಲ. ಗೆದ್ದೆ ಅಂತ ತೋರಿಸಿಕೊಳ್ಳುವ ಮನಸ್ಸು ಅವಳಿಗೆ ಇತ್ತು, ಆದರೆ ತೋರಿಸಿಕೊಳ್ಳಲಿಲ್ಲ. ತಂಗಿ ಮೊದಲು ನಕ್ಕಳು, ನಗುತ್ತಲೇ ಕುರ್ಚಿ ಎಳೆದು ಕೂತಳು, ಕೂತು ಒಂದಷ್ಟು ಅತ್ತಳು, ಆಮೇಲೆ ಕರವಸ್ತ್ರ ತೆಗೆದು ಕಣ್ಣಿನ ಕಾಡಿಗೆ ಕೆಡದ ಹಾಗೆ ಎಚ್ಚರಿಕೆಯಿಂದ ಒರೆಸಿಕೊಂಡಳು.

"ಇಷ್ಟು ಹೊತ್ತು ಎಲ್ಲಿ ಹೋಗಿದ್ದೆ, ಅಂತಿದೆ ನೋಡು," ಅಂದಳು. "ನಾನು ಇಲ್ಲಿದ್ದಾಗ, ಪಾರ್ಲರ್ ಬಾಗಿಲು ಹಾಕಿ ಮನೆಗೆ ಬಂದಾಗೆಲ್ಲ ಇದೇ ಮುಖ."

"ಅದು ಹಾಗಲ್ಲ," ಅಂದ ಅಣ್ಣ. ಆ ಹೊತ್ತಿಗೆ ಅವನೂ ನೋಡುತ್ತ ನಿಂತಿದ್ದ. "ನಾನು ಮೊದಲ ಬಸ್ಸಿಗೆ ಹೊರಡೋವಾಗ ಬಾಗಿಲಿಗೆ ಬಂದು ನಿಲ್ತಿದ್ಲು. ಊಟದ ಡಬ್ಬಿ ತಗೊಂಡ್ಯಾ, ಅಂತ ಹುಬ್ಬಲ್ಲೇ ಕೇಳ್ತಿದ್ಲು. ಅಷ್ಟೇ. ಅದರಲ್ಲಿ ಇನ್ನೇನೂ ಇರಲಿಲ್ಲ." ಕಪಾಟಿನಿಂದ ಒಂದು ಗೊಂಬೆ ಕೈಗೆತ್ತಿಕೊಂಡು ಹೇಳಿದ: "ನಾನು ಬೇಕು ಅಂತ ಬರೆದಿದ್ದಲ್ಲ. ಕೈ ತಾನೇ ಆ ಕಡೆ ಹೋಗುತ್ತೆ."

ಆ ಹುಬ್ಬು ಡಬ್ಬಿಯ ಬಗ್ಗೆಯೂ ಕೇಳಬಹುದು ಅನ್ನುವುದು ಗೊಂಬೆಯಕ್ಕನಿಗೆ ಹೊಳೆದೇ ಇರಲಿಲ್ಲ. ಹಾಗಂತ ತನ್ನ ಪಾಲಿಗೂ ಅದು ಡಬ್ಬಿಯನ್ನೇ ಕೇಳುತ್ತಿತ್ತು ಅಂತ ಒಪ್ಪಿಕೊಳ್ಳಲು ಅವಳು ತಯಾರಿರಲಿಲ್ಲ. ಒಳಗೆ ಹೋಗಿ ಮೂರು ಲೋಟ ಚಹಾ ಮಾಡಿಕೊಂಡು ಬಂದಳು.

ಗೊಂಬೆಗಳು ಜನರವು. ಹಾಗೇ ಬಿಡುವಂತಿರಲಿಲ್ಲ. ಹತ್ತಿಗೆ ಬಣ್ಣ ಕರಗಿಸುವ ಎಣ್ಣೆ ಮುಟ್ಟಿಸಿ ಗೊಂಬೆಯಕ್ಕ ಒಂದೊಂದೇ ಹುಬ್ಬು ಒರೆಸಿದಳು; ಒರೆಸುವುದಕ್ಕೆ ಕೈ ನಡುಗಿದರೂ ನಡೆಯುತ್ತದೆ. ಗಂಡ ಅಷ್ಟು ಹೊತ್ತೂ ಅಡುಗೆಮನೆಯಲ್ಲಿದ್ದು ಡಬ್ಬಿಗಳನ್ನು ಮೊದಲಿದ್ದ ಜಾಗಕ್ಕೇ ಜೋಡಿಸುತ್ತಿದ್ದ.

"ಇನ್ನು ಬರೆಯೋರು ಯಾರು?" ಅಂದಳು ತಂಗಿ.

"ಅದೇ ಗೊತ್ತಾಗ್ತಿಲ್ಲ. ನನಗೆ ಆಗಲ್ಲ. ಇವರಿಗೆ ಆಗುತ್ತೆ, ಆದ್ರೆ ಅತ್ತೆ ಬರ್ತಾರೆ."

"ಕೊಡಿ ಇಲ್ಲಿ," ಅಂತ ತಂಗಿ ಕುಂಚ ಕಿತ್ತುಕೊಂಡಳು. "ಬೆಳಗಿಂದ ಸಂಜೆವರೆಗೆ ಹುಬ್ಬಿನದೇ ಕೆಲಸ ನನಗೆ. ಬದುಕಿರೋರು ಕಣ್ಣಲ್ಲಿ ನೀರು ಹಾಕ್ತಾರೆ, ಇವು ಹಾಕಲ್ಲ. ಇಷ್ಟೇ ತಾನೇ?"

ಇಷ್ಟೇ ಆಗಿರಲಿಲ್ಲ. ಅವಳು ಬರೆದ ಮೊದಲ ಜೋಡಿ ಹುಬ್ಬು ಬಿಲ್ಲಿನ ಹಾಗೆ ಬಾಗಿ, ತೆಳ್ಳಗೆ, ಹೊಳೆಯುತ್ತ ನಿಂತಿತು. ಹಾಲುಗಲ್ಲದ ಕೂಸು ಗೊಂಬೆ ಫೋಟೋ ತೆಗೆಸಿಕೊಳ್ಳಲು ಹೊರಟ ಸಿನಿಮಾ ನಟಿಯಂತಾಯಿತು. ಗೊಂಬೆಯಕ್ಕ ಎಷ್ಟೋ ದಿನಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ತಂಗಿಗೆ ಸಿಟ್ಟು ಬಂತು.

"ನಗ್ಬೇಡಿ. ಹೇಳಿಕೊಡಿ."

"ಮೊದಲು ಭೂತಗನ್ನಡಿಯಲ್ಲಿ ನೋಡು. ಹಳೇ ಬಣ್ಣದ ಗುರುತು ಎಲ್ಲೋ ಒಂದು ಕಡೆ ಇದ್ದೇ ಇರುತ್ತೆ. ಮಾಡಿದೋನು ಎಲ್ಲಿ ಶುರುಮಾಡಿದ್ದ, ಎಲ್ಲಿ ಕೈ ಎತ್ತಿದ್ದ, ಅದನ್ನ ಹಿಡಿದುಕೊಂಡು ಹೋಗು. ನಿನ್ನ ಇಷ್ಟ ಬೇಡ. ನನ್ನ ಇಷ್ಟಾನೂ ಬೇಡ."

"ಗುರುತೇ ಇಲ್ದಿದ್ರೆ?"

"ಕಣ್ಣು ನೋಡು. ಹುಬ್ಬು ಕಣ್ಣಿಗಿಂತ ಮುಂಚೆ ಮಾತಾಡಬಾರದು."

ಪಾರ್ಲರಿಗೆ ವಾರಕ್ಕೊಂದು ರಜೆ. ಆ ದಿನ ತಂಗಿ ಬಂದು ಹುಬ್ಬು ಬರೆಯುವುದು ರೂಢಿಯಾಯಿತು. ಅತ್ತಿಗೆ ಎದುರು ಕೂತು ಹೇಳಿಕೊಡುವಳು. ತಂಗಿ ಒಂದು ಕೇಳುವಳು, ಒಂದು ಬಿಡುವಳು. ಅತ್ತೆಯ ಕೊನೆಯ ದಿನಗಳ ಮಾತು ಇಬ್ಬರೂ ಎತ್ತಲಿಲ್ಲ. ಎತ್ತದೆಯೇ ಅದು ಹಳೆಯದಾಗುತ್ತ ಹೋಯಿತು. ಗಂಡ ಕೈಕಾಲು ಕಟ್ಟುವ ಕೆಲಸಕ್ಕೆ ಮರಳಿದ. ಕುಂಚ ಮುಟ್ಟಲಿಲ್ಲ.

ಒಂದು ಗೊಂಬೆ ಮಾತ್ರ ಹಾಗೇ ಉಳಿದಿತ್ತು. ತಲೆ ಬೋಳಾಗಿ, ಹೊಟ್ಟೆ ಹರಿದು ಬಂದಿದ್ದ ದೊಡ್ಡ ಬಟ್ಟೆಯ ಗೊಂಬೆ ಅದು; ಬಟ್ಟೆಯೊಳಕ್ಕೆ ಇಳಿದ ಬಣ್ಣ ಒರೆಸಿದರೆ ಬಿಡುವಂಥದ್ದಲ್ಲ. ಅದರ ಮುಖದಲ್ಲಿ ಅತ್ತೆ ಇದ್ದಳು. ಮುಖದ ಬಟ್ಟೆಯನ್ನೇ ಬದಲಾಯಿಸಬೇಕಿತ್ತು. ಗೊಂಬೆಯಕ್ಕ ಇವತ್ತು ನಾಳೆ ಅಂತ ತಳ್ಳುತ್ತ ಬಂದಳು. ಅಣ್ಣ ತಂಗಿಯರು ಚಹಾ ಕುಡಿಯುವಾಗ ಅದನ್ನು ಮೇಜಿನ ಕೊನೆಯಲ್ಲಿ ಕೂರಿಸಿಕೊಳ್ಳುತ್ತಿದ್ದುದನ್ನು ಕಂಡೂ ಕಾಣದ ಹಾಗೆ ಇದ್ದಳು.

ಅದರ ಒಡತಿ ಮಕ್ಕಳ ಆಸ್ಪತ್ರೆಯ ನರ್ಸು. ಮಕ್ಕಳಿಗೆ ಸೂಜಿ ಚುಚ್ಚುವ ಮುಂಚೆ ಗೊಂಬೆಗೆ ಚುಚ್ಚಿ ತೋರಿಸಲು ವಾರ್ಡಿನಲ್ಲಿ ಇಟ್ಟುಕೊಂಡಿದ್ದಳಂತೆ. ಒಂದು ಮಧ್ಯಾಹ್ನ ಡ್ಯೂಟಿ ಮುಗಿಸಿ ಅವಸರದಲ್ಲಿ ಬಂದಳು.

"ಮುಖ ಇನ್ನೂ ಬದಲಾಯಿಸಿಲ್ಲ," ಅಂದಳು ಗೊಂಬೆಯಕ್ಕ. "ಬಿಟ್ಟು ಹೋಗಿ. ಹೀಗೇ ತಗೊಂಡು ಹೋದ್ರೆ ಮಕ್ಕಳು ಹೆದರಿಕೊಳ್ತವೆ."

ನರ್ಸು ಗೊಂಬೆಯನ್ನು ತೋಳು ಚಾಚಿ ಹಿಡಿದು ದಿಟ್ಟಿಸಿದಳು. "ಹೆದರಲಿ ಬಿಡಿ. ಮೊದಲಿದ್ದ ಮುಖ ಸುಮ್ಮನೆ ಹಲ್ಲು ಕಿರೀತಿತ್ತು, ಒಂದು ಮಗೂನೂ ಮಾತ್ರೆ ನುಂಗ್ತಿರಲಿಲ್ಲ. ಇದು ನೋಡಿ, ನುಂಗಿದ್ಯಾ ಅಂತ ಕೇಳ್ತಿದೆ. ನನಗೆ ಇದೇ ಬೇಕು."

ಗಂಡ ಎದ್ದು ಬಂದು ತಾನೇ ಕಾಗದ ಸುತ್ತಿದ. ಮುಖಕ್ಕೆ ಕಾಗದ ಮುಚ್ಚಲಿಲ್ಲ. ತಂಗಿ ಅಷ್ಟು ದಿನ ಹೊಲಿಯುತ್ತೇನೆ ಅನ್ನುತ್ತಿದ್ದ ಗೊಂಬೆಯ ಅಂಗಿಯ ಗುಂಡಿಯನ್ನು ಅಲ್ಲೇ ನಿಂತು ಹೊಲಿದು ಕೊಟ್ಟಳು.

"ಹೆಸರೇನಾದ್ರೂ ಇಟ್ಟಿದ್ದೀರಾ?" ಬಾಗಿಲಲ್ಲಿ ನಿಂತು ನರ್ಸು ಕೇಳಿದಳು. "ಮಕ್ಕಳು ಮೊದಲು ಕೇಳೋದೇ ಅದನ್ನ."

ಅಣ್ಣ ತಂಗಿ ಇಬ್ಬರೂ ಗೊಂಬೆಯಕ್ಕನ ಕಡೆ ತಿರುಗಿದರು.

"ಅಜ್ಜಿ ಅನ್ನಲಿ," ಅಂದಳು ಗೊಂಬೆಯಕ್ಕ. "ಕಿಟಕಿ ಹತ್ತಿರ ಕೂರಿಸಿ. ಅಜ್ಜಿಗೆ ಎಲ್ಲರೂ ಕಾಣೋ ಹಾಗೆ ಇರಲಿ."

ನರ್ಸು ಗೊಂಬೆಯನ್ನು ಹೆಗಲಿಗೆ ಹಾಕಿಕೊಂಡು ಹೊರಟಳು. ಗಂಡ ಅವಳ ಜೊತೆ ಬಸ್ ನಿಲ್ದಾಣದವರೆಗೆ ನಡೆದು ಹೋಗಿ, ಯಾವ ಬಸ್ಸು ಹತ್ತಿದರೆ ಸೀಟು ಸಿಗುತ್ತದೆ ಅಂತ ಹೇಳಿ, ಹತ್ತಿಸಿ ಬಂದ.