ಗೊತ್ತಿಲ್ಲ ಅನ್ನುವ ಅಭ್ಯಾಸ

ಸಂದರ್ಶನ ಇದ್ದದ್ದು ಗುರುವಾರ. ಕಾಲೇಜಿನ ಇತಿಹಾಸ ಉಪನ್ಯಾಸಕನ ಕೆಲಸವನ್ನು ಸೋಮವಾರವೇ ಸಮರ್ಥನಿಗೆ ಕೊಟ್ಟಾಗಿತ್ತು.

ಮೂವರು ಅಭ್ಯರ್ಥಿಗಳಾದರೂ ಬಂದು ಕೂರದಿದ್ದರೆ ಸಂದರ್ಶನ ನಡೆಸುವಂತಿರಲಿಲ್ಲ. ಸಮರ್ಥ ಒಬ್ಬ. ಸುಮ್ಮನೆ ಬಂದು ಕೂರಲು ತುಮಕೂರಿನ ಯಾವನೋ ಫೋನಿನಲ್ಲೇ ಒಪ್ಪಿದ್ದ. ಮೂರನೆಯವಳು ದಾಕ್ಷಾಯಣಿ. ಎಂ.ಎ.ಯಲ್ಲಿ ಅವಳಿಗೆ ಇತಿಹಾಸ ಕಲಿಸಿದ ಸುಬ್ರಹ್ಮಣ್ಯ ಸರ್ ಈಗ ಆ ಕಾಲೇಜಿನ ಆಡಳಿತ ಮಂಡಳಿಯಲ್ಲಿದ್ದರು; ಸಮರ್ಥನಿಗೆ ಸೋದರಮಾವ. "ನೀನು ಬಂದು ಕೂತು, ಏನು ಕೇಳಿದ್ರೂ ಗೊತ್ತಿಲ್ಲ ಅಂದ್ರೆ ಸಾಕಮ್ಮ. ಮುಂದಿನ ಪೋಸ್ಟ್ ನಿಂದೇ," ಎಂದು ಫೋನ್ ಮಾಡಿದ್ದರು.

"ಹೂಂ ಸರ್" ಎಂದಿದ್ದಳು. ಆ 'ಹೂಂ' ಎಷ್ಟು ಸಲೀಸಾಗಿ ಹೊರಬಿತ್ತೆಂದರೆ, ಹೇಳಿದವಳು ಬೇರೆ ಯಾರೋ ಇರಬೇಕೆಂದು ಅಂದಿನಿಂದ ಅವಳಿಗೆ ಅನುಮಾನ.

ಬುಧವಾರ ಬೆಳಿಗ್ಗೆ, ಕೋಗಿಲು ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಅವ್ವ ತನ್ನ ಹಸಿರು ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಅವ್ವ ಶರಣವ್ವ ಗಾರ್ಮೆಂಟ್ಸಿನಲ್ಲಿ ಅಂಗಿಗಳಿಗೆ ಕಾಲರ್ ಹೊಲಿಯುವವಳು. ಫ್ಯಾಕ್ಟರಿಯ ವ್ಯಾನು ಹೊರಗೆ ಹಾರನ್ ಹೊಡೆಯುತ್ತಿದ್ದರೂ ಸೆರಗು ಬಿಡಲಿಲ್ಲ.

"ಸೀರಿ ಯಾಕ ಬೇಕವ್ವಾ? ಚೂಡಿದಾರ ಸಾಕು."

"ಮೊದಲನೇ ಇಂಟರ್ವ್ಯೂ ಐತಿ. ಮಂದಿ ನೋಡಬೇಕು. ಏನ ಕೇಳಿದ್ರೂ ಅಂಜಬ್ಯಾಡ. ನಿನಗ ಗೊತ್ತಿಲ್ಲದ್ದು ಏನೈತಿ?"

ದಾಕ್ಷಾಯಣಿ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಕನ್ನಡಿಯ ಮುಂದೆ ನಿಂತು "ಗೊತ್ತಿಲ್ಲ ಸರ್" ಎಂದು ನೋಡಿದಳು. ಚೆನ್ನಾಗಿಯೇ ಬಂತು.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಕೂತಳು. ಯಾರೂ ಕೇಳದಿದ್ದರೂ ಎದ್ದು, ವಿದ್ಯಾರಣ್ಯಪುರದವರೆಗೆ ಕಂಬಿ ಹಿಡಿದು ನಿಂತೇ ಹೋದಳು.

ಮರುದಿನದ ಸಂದರ್ಶನದ ಅಭ್ಯಾಸಕ್ಕೆಂದು ಸರ್ ತಮ್ಮ ಮನೆಯ ಹಾಲಿನಲ್ಲಿ ಊಟದ ಮೇಜಿನ ಕುರ್ಚಿಗಳನ್ನು ತಂದು ಎದುರುಬದುರು ಇಟ್ಟಿದ್ದರು. ಒಂದರಲ್ಲಿ ಸಮರ್ಥ ಮೊಬೈಲ್ ನೋಡುತ್ತ ಕೂತಿದ್ದ. ಸರ್ ಹೆಂಡತಿ ಗೋದಾ ಬಕೆಟ್ಟು, ಒರೆಸುವ ಕೋಲು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ಇನ್ನೂ ಎಷ್ಟು ಹೊತ್ರೀ? ಅವಳು ಹೋದ್ಮೇಲೆ ಹಾಲ್ ಒರೆಸ್ಬೇಕು ನಾನು."

ಬೆಳಿಗ್ಗೆಯಷ್ಟೇ ಒರೆಸಿದ ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಸರ್ ಎದುರು ಕೂತು ಗಂಟಲು ಸರಿಮಾಡಿಕೊಂಡರು. "ಹೆಬ್ಬಾಳದ ವೀರಗಲ್ಲು ಯಾವ ಕಾಲದ್ದು?"

"ಗೊತ್ತಿಲ್ಲ ಸರ್."

"ಅಷ್ಟು ಬೇಗ ಅಲ್ಲಮ್ಮ! ಯೂನಿವರ್ಸಿಟಿಯಿಂದ ಒಬ್ರು ಬರ್ತಾರೆ, ಅವರಿಗೆ ಅನುಮಾನ ಬಂದ್ಬಿಡತ್ತೆ. ಯೋಚ್ನೆ ಮಾಡು. ಮೇಲೆ ನೋಡು. ತಡವರಿಸು. ಆಮೇಲೆ ಹೇಳು."

ಅವಳು ಮೇಲೆ ನೋಡಿದಳು. ಫ್ಯಾನು ತಿರುಗುತ್ತಿತ್ತು. "ವಿಜಯನಗರ... ಇರ್ಬೇಕು... ಗೊತ್ತಿಲ್ಲ ಸರ್."

"ಹಾಂ! ಇದು ಸರಿ."

"ನೀನು ಸೀರಿಯಲ್ಲಿಗೆ ಹೋಗ್ಬೇಕಿತ್ತು ಕಣೇ," ಎಂದ ಸಮರ್ಥ.

"ನೀನು ಹೇಳಪ್ಪ ನೋಡೋಣ," ಎಂದರು ಮಾವ.

"ಚೋಳರು? ಅಲ್ವಾ? ಹಂಗಾದ್ರೆ ಹೊಯ್ಸಳರು."

ಸರ್ ಕಣ್ಣು ಮುಚ್ಚಿಕೊಂಡರು. "ಹೇಳ್ಕೊಡಮ್ಮ ಇವನಿಗೆ."

"ಎಂಟನೇ ಶತಮಾನ," ಎಂದಳು ದಾಕ್ಷಾಯಣಿ. "ಗಂಗರ ಕಾಲ. ಕಿತ್ತಯ್ಯ ಅನ್ನೋನು ಊರಿನ ಪರವಾಗಿ ಕಾದಾಡಿ ಸತ್ತ. ಅವನ ಹೆಸರಲ್ಲಿ ಕಲ್ಲು ನಿಲ್ಲಿಸಿದ್ರು. ಆಮೇಲೆ ಮನೆ ಬಂತು, ರಸ್ತೆ ಬಂತು, ಕಲ್ಲು ಮಣ್ಣೊಳಗೆ ಹೋಯ್ತು. ಚರಂಡಿ ಅಗೆಯುವಾಗ ಸಿಕ್ತು."

ಅದು ತನ್ನದೇ ಧ್ವನಿ ಎಂದು ಗುರುತು ಹಿಡಿಯಲು ಅವಳಿಗೆ ಒಂದು ಕ್ಷಣ ಬೇಕಾಯಿತು. ಸಮರ್ಥ ಎಲ್ಲವನ್ನೂ ಮೊಬೈಲಿನಲ್ಲಿ ಟೈಪ್ ಮಾಡಿಕೊಂಡ.

"ಈಗ ಸುಲಭದ್ದು," ಎಂದರು ಸರ್. "ನಿನ್ನ ಬಗ್ಗೆ ಹೇಳು."

ಇದಕ್ಕೆ ಹೀಗೆ ಹೇಳು ಎಂದು ಯಾರೂ ಕಲಿಸಿರಲಿಲ್ಲ. ಬಾಯಿ ತೆರೆದಳು. ಹೆಸರು, ಊರು, ಅವ್ವ, ಹಸಿರು ಸೀರೆ, ಎಲ್ಲ ಇನ್ಯಾರದೋ ಮನೆಯ ಸಾಮಾನಿನ ಹಾಗೆ ದೂರದಲ್ಲಿ ಬಿದ್ದಿತ್ತು. ಕೈಗೆ ಒಂದೂ ಸಿಗಲಿಲ್ಲ. ಕಣ್ಣು ತಾನಾಗಿ ಫ್ಯಾನಿನ ಕಡೆ ಹೋಯಿತು.

"ಭೇಷ್!" ಎಂದರು ಸರ್. "ನಾಳೆ ಹಿಂಗೇ ಮಾಡ್ಬಿಡು."

ಅವಳು ಕುರ್ಚಿಯ ಅಂಚು ಹಿಡಿದುಕೊಂಡಳು.

"ಕೊನೇದು, ಹೊರಡೋದು. ಹೋಗಬಹುದು ಅಂದ ತಕ್ಷಣ ಎದ್ದು, ನಮಸ್ಕಾರ ಹೇಳಿ, ಹೊರಗೆ. ವಾದ ಗೀದ ಬೇಡ. ಎಲ್ಲಿ, ಮಾಡಿ ತೋರ್ಸು." ಸರ್ ಬೆನ್ನು ನೆಟ್ಟಗೆ ಮಾಡಿ ಧ್ವನಿ ಬದಲಿಸಿದರು. "ನೀವಿನ್ನು ಹೋಗಬಹುದು."

ಇಷ್ಟು ವರ್ಷಗಳಲ್ಲಿ ತನಗಾಗಿ ಅವರ ಬಾಯಲ್ಲಿ 'ನೀವು' ಬಂದದ್ದು ಇದೇ ಮೊದಲು. ಹೋಗು ಎನ್ನುವುದಕ್ಕೆ.

ಅವಳು ಏಳಲಿಲ್ಲ.

"ಏಳಮ್ಮ."

"ಏ, ಮುಗೀತು ಕಣೇ," ಎಂದ ಸಮರ್ಥ.

"ಏಳಲ್ಲ ಸರ್."

"ಅಯ್ಯೋ, ಇದು ಬರೀ ಪ್ರಾಕ್ಟೀಸು! ಇಲ್ಲಿ ಎದ್ರೆ ತಾನೆ ನಾಳೆ ಅಲ್ಲಿ ಏಳೋಕಾಗೋದು?"

"ಅದಕ್ಕೇ ಸರ್. ಏಳಲ್ಲ."

ಸರ್ ಹೆಂಡತಿಯ ಮುಖ ನೋಡಿದರು. ಗೋದಾಗೆ ಸಾಕಾಗಿತ್ತು. ಕೋಲನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಬಾಗಿಲ ಕಡೆಯಿಂದ ಒರೆಸುತ್ತ ಬಂದರು. ಸಮರ್ಥ ಮೊಬೈಲಿನಿಂದ ತಲೆಯೆತ್ತದೆ ಕಾಲೆತ್ತಿದ. ಸುಬ್ರಹ್ಮಣ್ಯ ಸರ್ ಪಂಚೆ ಸರಿಪಡಿಸಿಕೊಂಡು ಕಾಲುಗಳನ್ನು ಕುರ್ಚಿಯ ಮೇಲಕ್ಕೆ ಎಳೆದುಕೊಂಡರು.

"ಕಾಲೆತ್ತು," ಎಂದರು ಗೋದಾ.

ದಾಕ್ಷಾಯಣಿ ಎತ್ತಲಿಲ್ಲ.

ಒದ್ದೆ ಬಟ್ಟೆ ಅವಳ ಪಾದದ ಹತ್ತಿರ ಬಂದು ನಿಂತಿತು, ಕುರ್ಚಿಯನ್ನು ಬಳಸಿಕೊಂಡು ಹೋಯಿತು. ಗೋದಾ ಹಾಲನ್ನೆಲ್ಲ ಒರೆಸಿದರು. ಫಿನಾಯಿಲಿನ ವಾಸನೆ ತುಂಬಿದ ಆ ಒದ್ದೆ ನೆಲದ ನಡುವೆ, ಅವಳ ಕುರ್ಚಿಯ ಕೆಳಗೆ, ಒಂದು ಕಲ್ಲು ನಿಲ್ಲಿಸುವಷ್ಟು ಜಾಗ ಒಣಗಿಯೇ ಉಳಿಯಿತು.