ಸ್ಟೋರಿನ ಬೀಗ

ಪ್ರೀತಿಗೂ ಬೀಗಕ್ಕೂ ಸಂಬಂಧ ಉಂಟು ಎಂಬುದು ಹೊಂಗಡಹಳ್ಳದ ಕಡೆ ಯಾರಿಗೂ ಗೊತ್ತಿರಲಿಲ್ಲ. ಸಾಹುಕಾರ್ ಶಾಂತಮಲ್ಲಪ್ಪನವರು ಎಸ್ಟೇಟಿನ ಹಳೇ ಬಂಗಲೆಯನ್ನು ಹೋಂಸ್ಟೇ ಮಾಡಿದ ಮೇಲೆ ಗೊತ್ತಾಯಿತು. ಬೆಂಗಳೂರಿನಿಂದ ಕಾರಿನಲ್ಲಿ ಬರುವ ಜೋಡಿಗಳು ಹೊಳೆಯ ಮೇಲಿನ ತೂಗುಸೇತುವೆಗೆ ಹೋಗಿ, ಪಕ್ಕದ ತಂತಿಬಲೆಗೆ ಒಂದು ಬೀಗ ಹಾಕಿ, ಬೀಗದ ಕೈಯನ್ನು ನೀರಿಗೆ ಎಸೆದು, ಫೋಟೊ ತೆಗೆದುಕೊಂಡು ಹೋಗುತ್ತಿದ್ದರು. ಬೀಗ ಇರುವ ತನಕ ಆ ಜೋಡಿ ಅಗಲುವುದಿಲ್ಲವಂತೆ. ಕದಿಯಲು ಏನೂ ಇಲ್ಲದ ಕಡೆ ಬೀಗ ಜಡಿಯುವ ಈ ಜನರನ್ನು ನೋಡಿ ಕೂಲಿಯಾಳುಗಳ ಲೈನುಮನೆಯ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು.

ಮಂಜುಶ್ರೀ ನಗಲಿಲ್ಲ. ಅವಳು ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ್ ಕೃಷ್ಣಪ್ಪನ ಮಗಳು. ಹೋಂಸ್ಟೇಗೆ ಬಂದವರ ಕಾಫಿ ತಿಂಡಿ ನೋಡಿಕೊಳ್ಳುವುದು ಅವಳ ಕೆಲಸ. ಎಸ್ಟೇಟಿನ ಜೀಪು ಓಡಿಸುವ ಧರ್ಮ ಎಂದರೆ ಅವಳಿಗೆ ಪ್ರಾಣ. ಧರ್ಮನ ತಾಯಿ ಚೆಲುವಮ್ಮ ಕೂಲಿಯವರ ಲೈನಿನಲ್ಲಿದ್ದುಕೊಂಡು ಕಾಫಿ ಹಣ್ಣು ಕುಯ್ಯುವವಳು. ರೈಟರ್ ಮನೆಯಿಂದ ಲೈನಿಗೆ ಒಂದು ಕೂಗಿನ ದೂರ, ಆದರೆ ಹೆಣ್ಣು ಕೊಟ್ಟು ತರುವ ಮಾತು ಬಂದರೆ ಆ ದೂರವನ್ನು ಇದುವರೆಗೆ ಯಾರೂ ದಾಟಿರಲಿಲ್ಲ. ಜಾತಿ ಬೇರೆ, ಅಂತಸ್ತು ಬೇರೆ. ಇದು ಅವಳಿಗೂ ಗೊತ್ತು, ಅವನಿಗೂ ಗೊತ್ತು. ಗೊತ್ತಿದ್ದು ಏನು ಪ್ರಯೋಜನ, ಮನಸ್ಸು ಕೇಳಬೇಕಲ್ಲ.

"ನಾವೂ ಒಂದು ಬೀಗ ಹಾಕಣ" ಎಂದು ಅವಳು ಹಟ ಹಿಡಿದಳು. ನಾಲ್ಕು ದಿನ ಕಳೆದು ಧರ್ಮ ಒಂದು ಹಿತ್ತಾಳೆಯ ಬೀಗ ತಂದ.

"ಎಲ್ಲಿತ್ತು ಇದು?"

"ಕಾಫಿ ಸ್ಟೋರಿಂದು ಕಣೆ, ಮೂಲೇಲಿ ಬಿದ್ದಿತ್ತು. ಯಾರೂ ಕೇಳಕಿಲ್ಲ ಬುಡು."

ಮೊಳೆಯಿಂದ ಅದರ ಮೇಲೆ ಮ, ಧ ಎಂದು ಗೀಚಿ ಸೇತುವೆಯ ನಡುಮಧ್ಯಕ್ಕೆ ಹಾಕಿದರು. ಬೀಗದ ಕೈಯನ್ನು ಮಂಜುಶ್ರೀಯೇ ಹೊಳೆಗೆ ಎಸೆದಳು. ಅದು ಮುಳುಗಿದ್ದು ನೋಡಿ ಚಿಕ್ಕ ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು. ಧರ್ಮ ಏನೋ ಹೇಳಲು ಬಾಯಿ ತೆರೆದವನು ಅವಳ ಮುಖ ನೋಡಿ ಸುಮ್ಮನಾದ.

ಆಮೇಲೆ ಆಲೂರಿನ ಕಡೆಯಿಂದ ಸಂಬಂಧ ಬಂತು. ಭಾನುವಾರ ಹೆಣ್ಣು ನೋಡಲು ಬರುತ್ತಾರೆ ಎಂದು ತಾಯಿ ಇಂದ್ರಮ್ಮ ಹೇಳಿದಾಗ ಮಂಜುಶ್ರೀಗೆ ಹಿಂದಿನಷ್ಟು ಭಯವಾಗಲಿಲ್ಲ. ಸೇತುವೆಯ ಮೇಲೆ ಬೀಗ ಇದೆ, ಅದರ ಕೈ ಹೊಳೆಯ ಪಾಲಾಗಿದೆ, ಇನ್ನು ಅದನ್ನು ಯಾರು ತೆಗೆದಾರು? ಹುಚ್ಚು ಧೈರ್ಯವೇ ಇರಬಹುದು, ಆದರೆ ಅವಳ ಹತ್ತಿರ ಇದ್ದದ್ದು ಅದೊಂದೇ. ಭಾನುವಾರದೊಳಗೆ ಅಪ್ಪನಿಗೆ ಎಲ್ಲ ಹೇಳಿಬಿಡಬೇಕೆಂದು ಮಾತುಗಳನ್ನು ಜೋಡಿಸಿಟ್ಟುಕೊಂಡಳು.

ಶುಕ್ರವಾರ ಸಾಹುಕಾರರು ಸೇತುವೆ ದಾಟುವಾಗ ಬೀಗಗಳ ಭಾರಕ್ಕೆ ತಂತಿಬಲೆ ಜೋತುಬಿದ್ದದ್ದು ಕಂಡರು. ಕೆಲಸದವರ ಮಕ್ಕಳು ಓಡಾಡುವ ಜಾಗ, ಆ ಬೀಗಗಳನ್ನೆಲ್ಲ ಇವತ್ತೇ ಕಿತ್ತುಹಾಕಿಸಿ ಎಂದು ರೈಟರಿಗೆ ಅಪ್ಪಣೆಯಾಯಿತು. ಕುಯಿಲಿನ ಕಾಲ, ಆಳುಗಳೆಲ್ಲ ತೋಟದಲ್ಲಿ. ಕೃಷ್ಣಪ್ಪ ತಾನೇ ಗರಗಸ ಹಿಡಿದು ಹೊರಟ. "ಬಾರವ್ವ, ಚೀಲ ಹಿಡ್ಕೊ" ಎಂದು ಮಗಳನ್ನೂ ಕರೆದ. ಬರುವುದಿಲ್ಲ ಎನ್ನಲು ಅವಳಿಗೆ ಯಾವ ನೆಪವೂ ಹೊಳೆಯಲಿಲ್ಲ.

ಒಂದೊಂದೇ ಬೀಗ ಕುಯ್ದು ಅಪ್ಪ ಚೀಲಕ್ಕೆ ಹಾಕುತ್ತಿದ್ದ. ಯಾರ ಯಾರದೋ ಹೆಸರುಗಳು, ಕೆಂಪು ಬಣ್ಣದ ಹೃದಯಗಳು. "ಇವಕ್ಕೆ ಮಾಡಕ್ಕೆ ಕ್ಯಾಮೆ ಇಲ್ಲ" ಎಂದು ಗೊಣಗುತ್ತಾ ಮುಂದೆ ಸರಿಯುತ್ತಿದ್ದ. ಸೇತುವೆಯ ಮಧ್ಯ ಹತ್ತಿರವಾದಂತೆ ಅವಳು ಚೀಲ ಹಿಡಿದು ಒಂದು ಹೆಜ್ಜೆ ಹಿಂದೆ ಉಳಿದಳು. ಅದನ್ನೂ ಕುಯ್ಯುತ್ತಾನೆ, ಕುಯ್ಯಲಿ, ಅಕ್ಷರ ಓದದಿದ್ದರೆ ಸಾಕು ಎಂದು ಕಂಡ ದೇವರಿಗೆಲ್ಲ ಹರಸಿಕೊಂಡಳು.

ಹಿತ್ತಾಳೆಯ ಬೀಗದ ಮುಂದೆ ಕೃಷ್ಣಪ್ಪ ನಿಂತ. ಗರಗಸವನ್ನು ಹಲಗೆಯ ಮೇಲಿಟ್ಟ. ಸೊಂಟದಿಂದ ಬೀಗದ ಕೈಗಳ ಗೊಂಚಲು ಬಿಚ್ಚಿ ಒಂದನ್ನು ತೂರಿಸಿ ತಿರುಗಿಸಿದ. ಬೀಗ ತೆರೆದುಕೊಂಡಿತು.

"ಸ್ಟೋರು, ಹಣ್ಣು ಸುಲಿಯೋ ಪಲ್ಪರ್ ಮನೆ, ಗೊಬ್ಬರದ ಕೋಣೆ, ಎಲ್ಲಾದಕ್ಕೂ ಒಂದೇ ಕೀ ಕಣವ್ವ" ಎಂದ, ಅವಳ ಕಡೆ ನೋಡದೆ. "ಹಳೇ ಸಾವ್ಕಾರ್ರು ಒಟ್ಟಿಗೆ ತರಿಸಿದ್ದು."

ಗೀಚಿದ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದ.

"ಅಪ್ಪ, ನಾನು..."

"ಏನೂ ಹೇಳ್ಬ್ಯಾಡ. ನೀನು ಹೇಳ್ಬುಟ್ರೆ ನಾನು ಕೇಳ್ದಂಗಾಯ್ತದೆ. ಕೇಳ್ಬುಟ್ಟ ಮ್ಯಾಲೆ ಸುಮ್ನಿರಕ್ಕೆ ಜನ ಬುಡಕಿಲ್ಲ. ಆ ಹುಡ್ಗನ್ನ ಕೆಲಸದಿಂದ ತೆಗೆಸ್ಬೇಕು, ಅವ್ರವ್ವನ್ನ ಲೈನಿಂದ ಖಾಲಿ ಮಾಡಿಸ್ಬೇಕು. ನನ್ ಕೈಲಿ ಅದ್ನ ಮಾಡಿಸ್ಬ್ಯಾಡ ಕಣವ್ವ."

ಬೈದಿದ್ದರೆ ಎದುರು ಮಾತಾಡಬಹುದಿತ್ತು. ಹೊಡೆದಿದ್ದರೆ ಅತ್ತು ಹೇಳಬಹುದಿತ್ತು. ಹೀಗೆ ಬೇಡಿಕೊಳ್ಳುವ ಅಪ್ಪನ ಮುಂದೆ ಅವಳು ಜೋಡಿಸಿಟ್ಟ ಒಂದು ಮಾತೂ ಬಾಯಿಗೆ ಬರಲಿಲ್ಲ. ಆ ಬೀಗವನ್ನು ಅವನು ಚೀಲಕ್ಕೆ ಹಾಕದೆ ಜೇಬಿಗೆ ಹಾಕಿಕೊಂಡ.

ಮರುದಿನ ಬೆಳಿಗ್ಗೆ ಅದು ಸ್ಟೋರಿನ ಬಾಗಿಲಲ್ಲಿತ್ತು. ಕಾಫಿ ಚೀಲ ಸಕಲೇಶಪುರಕ್ಕೆ ಸಾಗಿಸಲು ಧರ್ಮ ಜೀಪು ತಂದು ನಿಲ್ಲಿಸಿದ. ಮಂಜುಶ್ರೀ ಬಂಗಲೆಗೆ ಹೋಗುತ್ತಿದ್ದವಳು ದಾರಿಯಲ್ಲೇ ನಿಂತಳು. ಕೃಷ್ಣಪ್ಪ ಗೊಂಚಲನ್ನು ಧರ್ಮನ ಕೈಗಿಟ್ಟು "ಸ್ಟೋರ್ ತೆಗಿಯಪ್ಪ" ಎಂದ.

ಧರ್ಮ ಬೀಗ ನೋಡಿದ. ಅಕ್ಷರ ನೋಡಿದ. ರೈಟರ ಮುಖ ನೋಡಿ ತಲೆ ತಗ್ಗಿಸಿದ. ಆಮೇಲೆ ಅಷ್ಟು ದೊಡ್ಡ ಗೊಂಚಲಿನಲ್ಲಿ ತಡಕಾಡದೆ, ಸರಿಯಾದ ಒಂದನ್ನೇ ಎತ್ತಿ ಬೀಗಕ್ಕೆ ಹಾಕಿದ.

ಹಾಗಾದರೆ ಈ ಬೀಗಕ್ಕೆ ಇನ್ನೊಂದು ಕೈ ಇರುವುದು ಇವನಿಗೆ ಅವತ್ತೇ ಗೊತ್ತಿತ್ತು. ಅವಳು ಚಪ್ಪಾಳೆ ತಟ್ಟುತ್ತಿದ್ದಾಗ ಬಾಯಿ ತೆರೆದು ಹೇಳಲಾರದೆ ಹೋದದ್ದು ಇದನ್ನೇ. ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟೋ ಒಳ್ಳೆಯದಿತ್ತು. ಬೀಗವನ್ನು ಕೊಂಡಿಗೆ ನೇತುಹಾಕಿ, ಗೊಂಚಲನ್ನು ಅಪ್ಪನ ಕೈಗೆ ಕೊಟ್ಟು, ಧರ್ಮ ಚೀಲ ಹೊರಲು ಒಳಗೆ ಹೋದ.

ಭಾನುವಾರ ಆಲೂರಿನವರು ಬಂದರು, ಕಾಫಿ ಕುಡಿದರು. ಹುಡುಗನ ತಾಯಿ ಒಳ್ಳೆಯ ಹೆಂಗಸು, "ನಿಂದೂ ಏನಾರ ಹೇಳೋದಿದ್ರೆ ಹೇಳವ್ವ, ನಾಚ್ಕೋಬ್ಯಾಡ" ಎಂದರು. ಮಂಜುಶ್ರೀ ಅಪ್ಪನ ಕಡೆ ನೋಡಿದಳು. ಅವನು ತಲೆ ಎತ್ತಲಿಲ್ಲ.

"ಏನೂ ಇಲ್ಲ" ಎಂದಳು.